ಮಾಳಿಗೆಗೆ ಕರಲು, ಮಗುವಿಗೆ ಮುಲಾಮು

ನಮ್ಮ ಮನೆಯಲ್ಲಿ ಎರಡು ಭಾಷೆಗಳು ಓಡಾಡುವುದರಿಂದ ಕಾಯಿಲೆಗಳಿಗೂ ಎರಡೆರಡು ಹೆಸರು. ಹೊಸಿಲಾಚೆ ಇಸುಬು ಎಂದು ಕರೆಸಿಕೊಳ್ಳುವುದು ಒಳಗೆ ಬಂದರೆ ಚಂಬಲ್ ಆಗುತ್ತದೆ. ಡಾಕ್ಟರ ಚೀಟಿಯಲ್ಲಿ ಅದೇ ಎಕ್ಸಿಮಾ. ಹೆಸರು ಮೂರಿದ್ದರೂ ಬೀದಿಯ ಬಾಯಿಗೆ ಅದು ಒಂದೇ: ಕಜ್ಜಿ. ತೊಂದರೆ ಶುರುವಾಗುವುದೇ ಇಲ್ಲಿಂದ. ಕಜ್ಜಿ ಕಣ್ಣಿಗೆ ಕಾಣದ ಹುಳದಿಂದ ಬರುವಂಥದು, ಒಬ್ಬರಿಂದ ಒಬ್ಬರಿಗೆ ಹರಡುವಂಥದು. ಮನೆಮಂದಿಯೆಲ್ಲ ಒಟ್ಟಿಗೆ ಔಷಧಿ ಹಚ್ಚಿಕೊಳ್ಳಬೇಕು. ಹುಳುಕಡ್ಡಿಯೂ ಅಂಟುವ ರೋಗವೇ. ಇಸುಬು ಅಂಟುವುದಿಲ್ಲ. ಆ ಮಗುವನ್ನು ಎತ್ತಿಕೊಂಡರೆ, ಅದರ ತಟ್ಟೆಯಲ್ಲಿ ಉಂಡರೆ, ಪಕ್ಕದಲ್ಲಿ ಮಲಗಿದರೆ ಯಾರಿಗೂ ಏನೂ ಆಗುವುದಿಲ್ಲ. ಇಷ್ಟು ಸಣ್ಣ ಸಂಗತಿಯನ್ನು ನಾವು ಒಂದು ಚಳಿಗಾಲ ಪೂರ್ತಿ ಎಷ್ಟು ಜನರಿಗೆ ಹೇಳಿದೆವೋ ಲೆಕ್ಕವಿಲ್ಲ. ಕೇಳಿ ತಲೆಯಾಡಿಸಿದವರೇ, ಏಳುವಾಗ ತಮ್ಮ ಮಕ್ಕಳ ಕೈ ಹಿಡಿದು ಸ್ವಲ್ಪ ದೂರದಿಂದ ದಾಟಿಸಿಕೊಂಡು ಹೋಗುತ್ತಿದ್ದರು.

2022ರ ಡಿಸೆಂಬರಿನಲ್ಲಿ ನಮ್ಮ ತಮ್ಮನ ಮಗಳಿಗೆ ಹತ್ತು ತಿಂಗಳು. ಮನೆಯಲ್ಲಿ ಅವಳನ್ನು ಮುನ್ನಿ ಎನ್ನುತ್ತೇವೆ. ಚಳ್ಳಕೆರೆ ಸೀಮೆಯ ಚಳಿ ಮಲೆನಾಡಿನ ಚಳಿಯಂತಲ್ಲ. ಮಂಜಿಲ್ಲ, ತೇವವಿಲ್ಲ, ಬರೀ ಒಣಗಾಳಿ. ದೊಡ್ಡವರ ಹಿಮ್ಮಡಿ ಬಿರಿಯುವ ಆ ಕಾಲದಲ್ಲಿ ಮುನ್ನಿಯ ಎರಡೂ ಕೆನ್ನೆಗಳ ಮೇಲೆ ಒರಟು ಮಚ್ಚೆಗಳೆದ್ದವು. ಆಮೇಲೆ ಮೊಣಕೈ ಹೊರಗೆ, ಮೊಣಕಾಲ ಮೇಲೆ. ಪುಸ್ತಕಗಳಲ್ಲಿ ಇಸುಬಿನ ಚಿತ್ರ ನೋಡಿದರೆ ಕೆಂಪಗೆ ಇರುತ್ತದೆ. ಅದು ಬಿಳಿ ಮಕ್ಕಳ ಚರ್ಮ. ನಮ್ಮ ಗೋಧಿ ಬಣ್ಣ, ರಾಗಿ ಬಣ್ಣದ ಮಕ್ಕಳಲ್ಲಿ ಅದು ಕಂದಾಗಿಯೋ ಬೂದಿ ಬಳಿದಂತೆಯೋ ಕಾಣುತ್ತದೆ, ಎಷ್ಟೋ ಸಲ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ. ಉಪ್ಪುಕಾಗದದ ಮೇಲೆ ಕೈಯಾಡಿಸಿದ ಹಾಗೆ. ಮುನ್ನಿಯದು ಹಗುರವಾದ ಇಸುಬು. ರಸ ಸೋರುತ್ತಿರಲಿಲ್ಲ, ಜ್ವರವಿಲ್ಲ. ಆದರೆ ರಾತ್ರಿ ಹಾಸಿಗೆ ಬೆಚ್ಚಗಾಗುತ್ತಿದ್ದಂತೆ ಕೆನ್ನೆಯನ್ನು ತಾಯಿಯ ತೋಳಿಗೆ ಉಜ್ಜಿ ಉಜ್ಜಿ ಎಚ್ಚರವಾಗಿಬಿಡುತ್ತಿದ್ದಳು.

ನಮ್ಮ ಸಮಾಜದಲ್ಲಿ ಮಗುವಿನ ಮೈಮೇಲೆ ಏನು ಕಾಣಿಸಿಕೊಂಡರೂ ಅದರ ಕಾರಣವನ್ನು ತಾಯಿಯ ತಟ್ಟೆಯಲ್ಲಿ ಹುಡುಕುತ್ತಾರೆ. ಇದರಲ್ಲಿ ಹಿಂದೂ ಮುಸ್ಲಿಂ ಎಂಬ ಭೇದವಿಲ್ಲ. ನಮ್ಮ ದುಲ್ಹನ್ ಆಗ ಮಗುವಿಗೆ ಹಾಲೂಡಿಸುತ್ತಿದ್ದಳು. (ತಮ್ಮನ ಹೆಂಡತಿಯನ್ನು ನಮ್ಮಲ್ಲಿ ಕರೆಯುವುದೇ ಹಾಗೆ, ಮೊಮ್ಮಕ್ಕಳಾದ ಮೇಲೂ ಕೆಲವರು ದುಲ್ಹನ್ ಆಗಿಯೇ ಉಳಿಯುತ್ತಾರೆ.) ಬಂದ ಒಬ್ಬೊಬ್ಬರೂ ಒಂದೊಂದು ಪದಾರ್ಥದ ಹೆಸರು ಹೇಳಿ ಹೋದರು. ಬದನೆಕಾಯಿ ನಂಜು ಎಂದರು ಪಕ್ಕದ ಮನೆಯವರು. ಮೊಟ್ಟೆ ಗರ್ಮಿ ಎಂದರು ಖಾಲಾ. ಒಣಮೀನು, ಕಡಲೆಬೀಜ, ಹುಣಿಸೆ, ಮೊಸರು, ಹೀಗೆ ಪಟ್ಟಿ ಬೆಳೆಯಿತು. ಬಸುರಿಯಲ್ಲಿ ಏನು ತಿಂದಿದ್ದಳೋ ಎಂದು ಹಿಂದಕ್ಕೂ ಹೋಯಿತು. ಹುಡುಗಿ ಹೆದರಿ ಒಂದೊಂದನ್ನೇ ಬಿಡುತ್ತಾ ಬಂದು, ಜನವರಿ ಹೊತ್ತಿಗೆ ಅನ್ನ, ತೊಗರಿಬೇಳೆ ಸಾರು ಬಿಟ್ಟರೆ ಬೇರೇನೂ ತಿನ್ನುತ್ತಿರಲಿಲ್ಲ. ಮಗುವಿನ ಕೆನ್ನೆ ಹಾಗೆಯೇ ಇತ್ತು. ದುಲ್ಹನ್ ಕೆನ್ನೆ ಒಳಗೆ ಹೋಗಿತ್ತು.

ಈ ಮಧ್ಯೆ ಔಷಧಿ ಅಂಗಡಿಯ ಹುಡುಗನೊಬ್ಬ, ಕೇಳುವ ಮೊದಲೇ ಒಂದು ಟ್ಯೂಬು ತೆಗೆದಿಟ್ಟ. "ಮೂರು ದಿನ ಹಚ್ಚಿ, ನಾಲ್ಕನೇ ದಿನ ಕನ್ನಡಿ ಹಾಗಿರುತ್ತೆ." ಅವನ ಮಾತು ಸುಳ್ಳಲ್ಲ. ಅಂಥ ಟ್ಯೂಬಿನಲ್ಲಿ ಬಲವಾದ ಸ್ಟೆರಾಯ್ಡ್, ಒಂದು ಆಂಟಿಬಯಾಟಿಕ್, ಒಂದು ಶಿಲೀಂಧ್ರದ ಔಷಧಿ ಮೂರೂ ಬೆರೆತಿರುತ್ತವೆ. ಮೂರು ದಿನದಲ್ಲಿ ಮಾಯ, ಬಿಟ್ಟ ಮೇಲೆ ಮತ್ತೆ ಹಾಜರ್, ಮತ್ತೆ ಟ್ಯೂಬು. ಎಳೆಯ ಮಗುವಿನ ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಒಳಗಿನ ನರಗಳು ಕಾಣತೊಡಗುತ್ತವೆ. ಔಷಧಿ ರಕ್ತಕ್ಕೂ ಇಳಿಯುತ್ತದೆ. ಅಂಥದೇ ಟ್ಯೂಬುಗಳನ್ನು ಬೆಳ್ಳಗಾಗಲೆಂದು ವರ್ಷಗಟ್ಟಲೆ ಹಚ್ಚಿ, ಬಿಸಿಲಿಗೆ ಕಾಲಿಟ್ಟರೆ ಮುಖಕ್ಕೆ ಕೆಂಡ ಸುರಿದಂತಾಗುತ್ತದೆ ಎನ್ನುವ ಹೆಣ್ಣುಮಕ್ಕಳು ನಮ್ಮ ಬೀದಿಯಲ್ಲೇ ಇದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೆರಾಯ್ಡುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗೆ ಸೇರಿಸಿತು. ಪಟ್ಟಿ ದೆಹಲಿಯಲ್ಲಿದೆ, ಟ್ಯೂಬು ಅಂಗಡಿಯ ಮುಂದಿನ ಗಾಜಿನಲ್ಲಿದೆ. ನಾವು ಕೊಳ್ಳದೆ ಬಂದೆವು.

ಜಿಲ್ಲಾ ಕೇಂದ್ರದ ಚರ್ಮವೈದ್ಯೆಯ ಬಳಿ ಮಗುವನ್ನು ಕರೆದೊಯ್ದಾಗ ಅಮ್ಮಿಯೂ ಜೊತೆಗೆ ಹೊರಟರು. ಎಪ್ಪತ್ತು ದಾಟಿದ ಅಮ್ಮಿಗೆ ಈ ವಿಷಯದಲ್ಲಿ ಸ್ವಂತ ಅಭಿಪ್ರಾಯವಿತ್ತು: ರಕ್ತ ಕೆಟ್ಟಿದೆ. "ರಕ್ತಕ್ಕೆ ಏನಾದ್ರೂ ಕೊಡಿ ಡಾಕ್ಟ್ರಮ್ಮ" ಎಂದರು. ಆಕೆ ಮಗುವಿನ ಮೊಣಕೈ ಸವರುತ್ತ, "ರಕ್ತ ಚೆನ್ನಾಗೇ ಇದೆ ಅಜ್ಜಿ. ಮೇಲಿನ ಚರ್ಮ ಸೋರ್ತಾ ಇದೆ" ಎಂದರು. ಒಳಗಿನ ತೇವ ಹೊರಗೆ ಹೋಗುತ್ತಿದೆ, ಹೊರಗಿನ ಸೋಪು, ಧೂಳು ಒಳಗೆ ನುಗ್ಗುತ್ತಿದೆ, ಅದಕ್ಕೇ ತುರಿಕೆ. ತುರಿಸಿದಷ್ಟೂ ಬಿರುಕು ಹೆಚ್ಚು, ಬಿರುಕು ಹೆಚ್ಚಿದಷ್ಟೂ ತುರಿಕೆ. ಚರ್ಮದ ಹೊರಪದರವನ್ನು ಗಟ್ಟಿಯಾಗಿ ಹಿಡಿದಿಡುವ ಫಿಲಾಗ್ರಿನ್ ಎಂಬ ಪ್ರೋಟೀನು ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆ ಎಂಬುದು ಇಸುಬಿಗೆ ಒಂದು ದೊಡ್ಡ ಕಾರಣವೆಂದು 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಇರ್ವಿನ್ ಮೆಕ್ಲೀನ್ ಮತ್ತು ಸಂಗಡಿಗರು ತೋರಿಸಿದರು. ಎಲ್ಲ ಮಕ್ಕಳಿಗೂ ಇದೇ ಕಾರಣವೆಂದಲ್ಲ. ಆದರೆ ಆ ದಿನದಿಂದ ಮಾತು ತಾಯಿಯ ತಟ್ಟೆಯನ್ನು ಬಿಟ್ಟು ಮಗುವಿನ ಚರ್ಮದ ಕಡೆಗೆ ತಿರುಗಿತು. ಏನನ್ನಾದರೂ ತಿಂದ ಸ್ವಲ್ಪ ಹೊತ್ತಿಗೇ ಮಗುವಿಗೆ ದದ್ದು ಏಳುವುದೋ ವಾಂತಿಯಾಗುವುದೋ ಕಂಡರೆ ಆ ಮಾತು ಬೇರೆ, ಅದಿಲ್ಲದೆ ಇಂಥ ಹಗುರ ಇಸುಬಿಗೆ ತಾಯಿ ಉಪವಾಸ ಬೀಳುವ ಅಗತ್ಯವಿಲ್ಲ ಎಂದು ವೈದ್ಯೆ ದುಲ್ಹನ್ ಕಡೆ ನೋಡಿ ಹೇಳಿದರು. ಹೇಳಿದ್ದು ಅವಳಿಗಾದರೂ ಕೇಳಿಸಬೇಕಾದವರಿಗೂ ಕೇಳಿಸಿತು.

ಅಮ್ಮಿಯ ತಲೆಯಲ್ಲಿ ಉಳಿದದ್ದು 'ಸೋರ್ತಾ ಇದೆ' ಎಂಬ ಮಾತು. ನಾವು ಹುಟ್ಟಿ ಬೆಳೆದದ್ದು ಮಣ್ಣಿನ ಮಾಳಿಗೆ ಮನೆಯಲ್ಲಿ. ಮುಂಗಾರಿಗೆ ಮೊದಲು ಮಾಳಿಗೆಗೆ ಕರಲು ಮಣ್ಣು ಹರಡುವುದು ನಮ್ಮ ಕಡೆಯ ವಾಡಿಕೆ. ಹೋದ ವರ್ಷ ಸೋರಲಿಲ್ಲ ಎಂದು ಈ ವರ್ಷ ಬಿಡುವ ಹಾಗಿಲ್ಲ. ಸೋರದೆ ಇದ್ದದ್ದೇ ಕರಲು ಹಾಕಿದ್ದರಿಂದ. ಬಸ್ಸಿನಲ್ಲಿ ವಾಪಸು ಬರುವಾಗ ಅಮ್ಮಿ ಇದನ್ನೇ ದುಲ್ಹನ್‌ಗೆ ಹೇಳಿದರು: "ಛತ್ ಸೋರಿದರೆ ಮನೆ ಕೆಟ್ಟದ್ದು ಅಂತಾರೇನು? ಮಣ್ಣು ಹಾಕ್ತಾರೆ." ವೈದ್ಯೆಯ ಹತ್ತು ನಿಮಿಷದ ವಿವರಣೆಗಿಂತ ನಮಗೆ ಈ ಮಾತು ಹೆಚ್ಚು ಉಪಯೋಗಕ್ಕೆ ಬಂತು. ಏಕೆಂದರೆ ಈ ಚಿಕಿತ್ಸೆಯಲ್ಲಿ ಜನ ಸೋಲುವುದು ಅಲ್ಲೇ. ಚರ್ಮ ನುಣುಪಾದ ಕೂಡಲೇ ಡಬ್ಬಿ ಕಪಾಟು ಸೇರುತ್ತದೆ, ಹದಿನೈದು ದಿನಕ್ಕೆ ಮಚ್ಚೆ ವಾಪಸು ಬರುತ್ತದೆ, ಕ್ರೀಮು ಕೆಲಸಕ್ಕೆ ಬಾರದ್ದು ಎಂಬ ಹೆಸರು ಪಡೆಯುತ್ತದೆ.

ಎಷ್ಟು ಹಚ್ಚಬೇಕು ಎಂಬುದು ಇನ್ನೊಂದು. ನಮ್ಮ ಮನೆಗಳಲ್ಲಿ ಕ್ರೀಮು ಎಂದರೆ ಬೆರಳ ತುದಿಯಲ್ಲಿ ಬಟಾಣಿಯಷ್ಟು ತೆಗೆದು ಮುಖಕ್ಕೆ ಹಚ್ಚಿ ಉಳಿದದ್ದನ್ನು ಅಂಗೈಗೆ ಉಜ್ಜಿಕೊಳ್ಳುವ ವಸ್ತು; ಇಪ್ಪತ್ತು ಗ್ರಾಂ ಟ್ಯೂಬು ಚಳಿಗಾಲವೆಲ್ಲ ಬರಬೇಕು. ಇಸುಬಿನ ಲೆಕ್ಕವೇ ಬೇರೆ. ಯುರೋಪಿನ ಚರ್ಮವೈದ್ಯರ ಮಾರ್ಗಸೂಚಿ ಚಿಕ್ಕ ಮಕ್ಕಳಿಗೆ ವಾರಕ್ಕೆ ಸುಮಾರು 100 ಗ್ರಾಂ ಎನ್ನುತ್ತದೆ. ಇಂಗ್ಲೆಂಡಿನ ನೈಸ್ ಸಂಸ್ಥೆ ಮಕ್ಕಳಿಗೆ ವಾರಕ್ಕೆ 250ರಿಂದ 500 ಗ್ರಾಂವರೆಗೆ ಹೋಗುತ್ತದೆ. ಅದನ್ನು ಕೇಳಿ ನಮ್ಮ ತಮ್ಮ, "ಇದು ಹಚ್ಚೋದಾ, ತಿನ್ನಿಸೋದಾ?" ಎಂದ. ಮಚ್ಚೆಯಿರುವ ಜಾಗಕ್ಕಷ್ಟೇ ಅಲ್ಲ, ಇಡೀ ಮೈಗೆ, ದಿನಕ್ಕೆ ಎರಡು ಸಲವಾದರೂ. ಉಜ್ಜಬಾರದು, ಅಲ್ಲಲ್ಲಿ ಬೊಟ್ಟಿಟ್ಟು, ಕೂದಲು ಹುಟ್ಟಿದ ದಿಕ್ಕಿನಲ್ಲೇ ಮೇಲಿಂದ ಕೆಳಕ್ಕೆ ಸವರಬೇಕು, ಇಲ್ಲವಾದರೆ ಕೂದಲ ಬುಡ ಕಟ್ಟಿಕೊಂಡು ಗುಳ್ಳೆ ಏಳುತ್ತವೆ. ಹಚ್ಚಿದ ಮೇಲೆ ಮೈ ಹೊಳೆಯುತ್ತಿರಬೇಕು, ಒಂದಿಷ್ಟು ಜಿಡ್ಡು ಕೈಗೆ ತಗಲಬೇಕು. ಡಬ್ಬಿಗೆ ಬೆರಳು ಅದ್ದಬಾರದು, ತೊಳೆದ ಚಮಚದಿಂದ ತೆಗೆಯಬೇಕು. ಬೆರಳಿನ ಕೊಳೆ ಡಬ್ಬಿ ಸೇರಿ ಡಬ್ಬಿಯಿಂದ ಬಿರಿದ ಚರ್ಮಕ್ಕೆ ಹೋಗುತ್ತದೆ.

ಹೊತ್ತು ಯಾವುದೆಂದರೆ ಸ್ನಾನ ಮುಗಿದ ತಕ್ಷಣ. ಉಗುರುಬೆಚ್ಚಗಿನ ನೀರಿನಲ್ಲಿ ಐದು ಹತ್ತು ನಿಮಿಷ ಸಾಕು. ಟವೆಲಿನಿಂದ ಒತ್ತಿ ಒತ್ತಿ ನೀರು ತೆಗೆದು, ಮೈ ಇನ್ನೂ ತೇವವಾಗಿರುವಾಗಲೇ ಹಚ್ಚಿದರೆ ಆ ತೇವ ಒಳಗೇ ಉಳಿಯುತ್ತದೆ. ಇಲ್ಲಿ ಅಮ್ಮಿ ಗೆದ್ದರು. ಎಣ್ಣೆ ಹಚ್ಚುವುದಾದರೆ ಒದ್ದೆ ಮೈಗೆ ಹಚ್ಚಬೇಕೆಂದು ಅವರು ಮೊದಲಿನಿಂದಲೂ ಹೇಳುತ್ತಿದ್ದವರೇ. ಆದರೆ ಅವರ ಸ್ನಾನದ ಉಳಿದ ಸಾಮಗ್ರಿಗೆ ರಜೆ ಕೊಡಬೇಕಾಯಿತು: ಕುದಿಯುವಂಥ ನೀರು, ಕಡಲೆಹಿಟ್ಟಿನ ಉಜ್ಜು, ನೀರಿಗೆ ನಾಲ್ಕು ಹನಿ ಕ್ರಿಮಿನಾಶಕ, ಆಮೇಲೆ ಪೌಡರು. ಸೋಪಿನ ಬದಲಿಗೆ ಅದೇ ಕ್ರೀಮನ್ನು ಮೈಗೆ ಹಚ್ಚಿ ತೊಳೆದರೆ ಸಾಕೆಂದಾಗ ಅಮ್ಮಿ, "ನೊರೆಯಿಲ್ಲದೆ ಸ್ನಾನವೆಂಥದು" ಎಂದು ಎರಡು ದಿನ ಮುನಿಸಿಕೊಂಡರು. ಕೊಳವೆಬಾವಿಯ ಗಡಸು ನೀರೇ ಕಾರಣ, ನೀರು ಮೃದು ಮಾಡುವ ಯಂತ್ರ ಹಾಕಿಸಿ ಎಂದವರೂ ಇದ್ದರು. ನಮ್ಮ ನೀರು ಪಾತ್ರೆಯ ತಳದಲ್ಲಿ ಸುಣ್ಣ ಕಟ್ಟುವಂಥದೇ. ಆದರೆ ಇಂಗ್ಲೆಂಡಿನಲ್ಲಿ ಇಸುಬಿರುವ 336 ಮಕ್ಕಳ ಮೇಲೆ ಇದನ್ನೇ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯಂತ್ರದಿಂದ ಇಸುಬಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಆ ದುಡ್ಡು ಉಳಿಯಿತು.

ಯಾವ ಕ್ರೀಮು? ನಮ್ಮನ್ನು ಅತಿ ಹೆಚ್ಚು ಜನ ಕೇಳಿದ ಪ್ರಶ್ನೆ ಇದು. ಪೇಟೆಯಲ್ಲಿ ಹತ್ತಾರು ಬಗೆ, ಕೆಲವದರ ಬೆಲೆ ಕೇಳಿದರೆ ಮಗುವಿಗಿಂತ ಮೊದಲು ನಾವು ಮೈ ತುರಿಸಿಕೊಳ್ಳಬೇಕು. ಬ್ರಿಟನ್ನಿನಲ್ಲಿ ಇಸುಬಿರುವ 550 ಮಕ್ಕಳಿಗೆ ಲೋಷನ್, ಕ್ರೀಮು, ಜೆಲ್, ಮುಲಾಮು ಎಂದು ನಾಲ್ಕು ಬಗೆ ಹಂಚಿ ನೋಡಿದರು. 2022ರಲ್ಲಿ ಬಂದ ಫಲಿತಾಂಶ: ಯಾವುದೂ ಇನ್ನೊಂದಕ್ಕಿಂತ ಹೆಚ್ಚು ಗುಣ ತೋರಲಿಲ್ಲ. ಮಗು ತಡೆದುಕೊಳ್ಳುವ, ಮನೆಯವರು ದಿನವೂ ಹಚ್ಚಬಲ್ಲ, ಕೊಳ್ಳಬಲ್ಲ ಯಾವುದಾದರೂ ಸರಿ. ಲೋಷನ್ನಿನಲ್ಲಿ ನೀರು ಹೆಚ್ಚು, ಬೇಗ ಒಣಗುತ್ತದೆ. ಮುಲಾಮಿನಲ್ಲಿ ಜಿಡ್ಡು ಹೆಚ್ಚು, ಹೆಚ್ಚು ಹೊತ್ತು ನಿಲ್ಲುತ್ತದೆ, ಬಟ್ಟೆ ಹಾಳು. ನಾವು ಹಗಲಿಗೆ ಪರಿಮಳವಿಲ್ಲದ ಸಾದಾ ಕ್ರೀಮು, ರಾತ್ರಿಗೆ ಪೆಟ್ರೋಲಿಯಂ ಜೆಲ್ಲಿ ಎಂದು ಮಾಡಿಕೊಂಡೆವು. ಈ ಜೆಲ್ಲಿ ಅಮೆರಿಕದ ತೈಲಬಾವಿಗಳ ಕೊಳವೆಗೆ ಮೆತ್ತಿಕೊಳ್ಳುತ್ತಿದ್ದ ಜಿಗುಟಿನಿಂದ ಹುಟ್ಟಿದ್ದು. ಕೂಲಿಗಳು ಅದನ್ನು ಸುಟ್ಟ ಗಾಯಕ್ಕೆ ಸವರಿಕೊಳ್ಳುವುದನ್ನು ಕಂಡ ರಾಬರ್ಟ್ ಚೆಸ್‌ಬ್ರೋ ಎಂಬಾತ ಅದನ್ನು ಶುದ್ಧ ಮಾಡಿ 1872ರಲ್ಲಿ ಪೇಟೆಂಟ್ ಪಡೆದ. ನೂರೈವತ್ತು ವರ್ಷ ಹಳೆಯ ಈ ಬಡವರ ಮುಲಾಮನ್ನು ಹೊಸ ಡಬ್ಬಿಗಳು ಇನ್ನೂ ಅಂಗಡಿಯಿಂದ ಓಡಿಸಿಲ್ಲ.

ಎಣ್ಣೆಯ ವಿಚಾರ ಬೇರೆಯಾಗಿಯೇ ಹೇಳಬೇಕು. ಚಳ್ಳಕೆರೆ ಎಣ್ಣೆ ಗಿರಣಿಗಳ ಊರು. ಇಲ್ಲಿ ಕಡಲೆಕಾಯಿ ಎಣ್ಣೆ ಅಡುಗೆಗೂ ಮೈಗೂ ಒಂದೇ. ಮುಸ್ಲಿಮರ ಮನೆಗಳಲ್ಲಿ ಎಳೆಗೂಸಿಗೆ ರೋಗನ್-ಎ-ಬಾದಾಮ್ ಹಚ್ಚುವುದು ಪ್ರೀತಿಯ ಗುರುತು. ಆದರೆ ಬಿರಿದ ಚರ್ಮದ ಮೂಲಕ ಒಳಹೋಗುವ ತಿನಿಸಿನ ಅಂಶವನ್ನು ದೇಹ ಶತ್ರುವೆಂದು ಗುರುತಿಟ್ಟುಕೊಳ್ಳಬಹುದು. ಕಡಲೆಕಾಯಿ ಎಣ್ಣೆ ಇರುವ ಮುಲಾಮುಗಳನ್ನು ಹಚ್ಚಿಸಿಕೊಂಡ ಮಕ್ಕಳಲ್ಲಿ ಮುಂದೆ ಕಡಲೆಕಾಯಿ ಅಲರ್ಜಿ ಹೆಚ್ಚು ಕಂಡದ್ದನ್ನು ಇಂಗ್ಲೆಂಡಿನ ಅಧ್ಯಯನವೊಂದು 2003ರಲ್ಲಿ ವರದಿ ಮಾಡಿತು. ಹಾಗಾಗಿ ಬಾದಾಮಿಯನ್ನೂ ಕಡಲೆಕಾಯಿಯನ್ನೂ ಇಸುಬಿನ ಮೈಯಿಂದ ದೂರವಿಟ್ಟೆವು. ಕೊಬ್ಬರಿ ಎಣ್ಣೆಯ ಪಾಡು ಇದಕ್ಕಿಂತ ಮೇಲು. ಫಿಲಿಪ್ಪೀನ್ಸಿನಲ್ಲಿ ಹಗುರ ಮತ್ತು ಮಧ್ಯಮ ಇಸುಬಿನ ಮಕ್ಕಳಿಗೆ ಎಂಟು ವಾರ ಹಚ್ಚಿ ನೋಡಿ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಪ್ಪಟ ಕೊಬ್ಬರಿ ಎಣ್ಣೆ ಖನಿಜ ತೈಲಕ್ಕಿಂತ ಮೇಲಾಗಿ ಕಂಡಿತು. ಕರಾವಳಿಯ ಅಜ್ಜಿಯರು ಇದನ್ನು ಓದಿದರೆ ನಗಬಹುದು.

ಸ್ನಾನವಾದ ಮೇಲೆ ಕೂಸಿಗೆ ಲೋಬಾನದ ಹೊಗೆ ಕೊಡುವುದು ನಮ್ಮಲ್ಲಿದೆ, ನೆರೆಯವರಲ್ಲಿ ಅದೇ ಸಾಂಬ್ರಾಣಿ. ಆ ಪರಿಮಳವಿಲ್ಲದೆ ಬಾಣಂತಿಯ ಕೋಣೆ ನಮಗೆ ಕೋಣೆಯೆನಿಸುವುದಿಲ್ಲ. ಆದರೆ ಹೊಗೆ ಒಣಚರ್ಮವನ್ನು ಕೆರಳಿಸುತ್ತದೆ. ಅದಕ್ಕಿಂತ ದೊಡ್ಡ ಮಾತು ಕೆಂಡ. ಕ್ರೀಮು ಹೀರಿಕೊಂಡು ಒಣಗಿದ ಬಟ್ಟೆಗೆ ಕಿಡಿ ತಗುಲಿದರೆ ಬರೀ ಬಟ್ಟೆಗಿಂತ ಬೇಗ ಹತ್ತಿಕೊಳ್ಳುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಇದರ ಬಗ್ಗೆ ಎಚ್ಚರಿಸಿತು. ಪೆಟ್ರೋಲಿಯಂ ಇರುವ ಮುಲಾಮುಗಳಿಗಷ್ಟೇ ಅಲ್ಲ, ಇಲ್ಲದವಕ್ಕೂ ಈ ಮಾತು ಸಲ್ಲುತ್ತದೆ. ಒಗೆದರೂ ಜಿಡ್ಡು ಪೂರ್ತಿ ಹೋಗುವುದಿಲ್ಲ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಗ್ಯಾಸ್ ಒಲೆಯ ಮುಂದೆ ನಿಲ್ಲುವ ತಾಯಂದಿರು ಇದನ್ನು ನೆನಪಿಡಬೇಕು. ಲೋಬಾನದ ಬಟ್ಟಲು ನಮ್ಮ ಮನೆಯಲ್ಲಿ ಈಗ ಹೊರಗಿನ ಪಡಸಾಲೆಯಲ್ಲಿದೆ.

ಇಷ್ಟೆಲ್ಲ ಗೊತ್ತಾದ ಮೇಲೆ ಉಳಿಯುವುದು ಕೈ. ಹತ್ತು ತಿಂಗಳ ಮಗು ಮುಲಾಮು ಹಚ್ಚಿಸಿಕೊಳ್ಳುತ್ತ ಸುಮ್ಮನೆ ಮಲಗಿರುವುದಿಲ್ಲ. ಮೀನಿನಂತೆ ಜಾರುತ್ತದೆ, ಅಳುತ್ತದೆ, ಡಬ್ಬಿ ಕಿತ್ತುಕೊಂಡು ತಲೆಗೆ ಬಳಿದುಕೊಳ್ಳುತ್ತದೆ. ದಿನಕ್ಕೆ ಎರಡು ಸಲ, ವಾರಕ್ಕೆ ಹದಿನಾಲ್ಕು ಸಲ. ಮೊದಲ ವಾರ ಹದಿನಾಲ್ಕೂ ದುಲ್ಹನ್ ಪಾಲಿಗೇ ಬಂತು. ಹಾಲೂಡಿಸುವವಳು ಅವಳು, ರಾತ್ರಿ ಎದ್ದಿರುವವಳು ಅವಳು, ರೊಟ್ಟಿ ತಟ್ಟುವವಳೂ ಅವಳೇ. ವೈದ್ಯರ ಚೀಟಿಯಲ್ಲಿ 'ದಿನಕ್ಕೆ ಎರಡು ಬಾರಿ' ಎಂದಿರುತ್ತದೆ, ಯಾರು ಎಂದಿರುವುದಿಲ್ಲ. ಎಂಟನೇ ದಿನ ಅಮ್ಮಿ ಮಗನನ್ನು ಕರೆದು ರಾತ್ರಿಯ ಪಾಳಿ ಅವನಿಗೆ ಒಪ್ಪಿಸಿದರು. "ಬೈಕಿನ ಚೈನಿಗೆ ಗ್ರೀಸ್ ಹಾಕಲು ಬರುತ್ತಲ್ಲ?" ಅವನಿಗೆ ಬಂತು. ಕೈ ಒರಟು, ಆದರೆ ಹಾಡು ಹೇಳುತ್ತ ಹೊಟ್ಟೆಯ ಮೇಲೆ ಬೊಟ್ಟಿಟ್ಟು ಎಣಿಸುವ ಆಟ ಅವನೇ ಕಂಡುಹಿಡಿದ. ಮುನ್ನಿ ಅಬ್ಬಾ ಬರುವ ಹೊತ್ತಿಗೆ ಅಂಗಿ ಎತ್ತಿಕೊಂಡು ಕಾಯತೊಡಗಿದಳು. ಬೆಳಗಿನದು ಅಮ್ಮಿಯದೋ ನಮ್ಮದೋ. ಮೂರನೇ ವಾರಕ್ಕೆ ಕೆನ್ನೆ ಮೆತ್ತಗಾಯಿತು, ರಾತ್ರಿ ಒಂದೇ ನಿದ್ದೆ. ದುಲ್ಹನ್ ಮೊಟ್ಟೆ ತಿಂದಳು.

ಮಚ್ಚೆ ಹೋದ ಜಾಗದಲ್ಲಿ ತಿಳಿಬಣ್ಣದ ಕಲೆ ಉಳಿಯಿತು. ಕಪ್ಪು, ಕಂದು ಚರ್ಮದಲ್ಲಿ ಹೀಗಾಗುವುದು ಸಾಮಾನ್ಯ. ತಿಂಗಳುಗಳಲ್ಲಿ ತಾನಾಗಿ ತುಂಬಿಕೊಳ್ಳುತ್ತದೆ. ಆ ವರ್ಷದ ಈದ್‌ಗೆ ಬಂದ ಬಂಧುಗಳೊಬ್ಬರು ಮಗುವಿನ ಕೆನ್ನೆ ನೋಡಿ, ದನಿ ತಗ್ಗಿಸಿ, "ಸಫೇದ್ ದಾಗ್ ಅಲ್ಲವಷ್ಟೆ?" ಎಂದು ಕೇಳಿದರು. ತೊನ್ನೇ ಎಂದು ಅವರ ಕಣ್ಣು ಆಗಲೇ ತೀರ್ಮಾನಿಸಿತ್ತು. ಒಂದು ವರ್ಷದ ಹೆಣ್ಣುಮಗುವಿನ ಮದುವೆಯ ಚಿಂತೆ ಆ ಪಿಸುಮಾತಿನಲ್ಲಿತ್ತು. ತೊನ್ನು ಹಾಲಿನಂತೆ ಅಚ್ಚಬಿಳಿ, ಅಂಚು ಗೆರೆ ಕೊರೆದಂತೆ. ಇದು ಮಸುಕು, ಅಂಚಿಲ್ಲ, ಮುಟ್ಟಿದರೆ ಸ್ವಲ್ಪ ಒರಟು ಎಂದು ನಾವು ಹೇಳಿದೆವು. ಅಮ್ಮಿ ಇನ್ನೊಂದು ಮಾತು ಸೇರಿಸಿದರು: "ತೊನ್ನಾದರೂ ಅವಳು ನಮ್ಮ ಮುನ್ನಿಯೇ. ಶೀರ್‌ಖುರ್ಮಾ ತಗೊಳ್ಳಿ."

ಕ್ರೀಮಿಗೆ ಅದರದೇ ಮಿತಿಯಿದೆ. ಬಂದ ಇಸುಬನ್ನು ಹತೋಟಿಯಲ್ಲಿಡುವುದು ಅದರ ಕೆಲಸ. ಹುಟ್ಟಿದಾಗಿನಿಂದ ಹಚ್ಚಿದರೆ ಬರುವುದೇ ಇಲ್ಲವೇ ಎಂಬ ವಾದ ಇನ್ನೂ ನಡೆದಿದೆ: ಬ್ರಿಟನ್ನಿನಲ್ಲಿ 1,394 ಕೂಸುಗಳ ಮೇಲೆ ನಡೆಸಿ 2020ರಲ್ಲಿ ಪ್ರಕಟವಾದ ಪ್ರಯೋಗ ಲಾಭವಿಲ್ಲ ಎಂದಿತು, 2025ರಲ್ಲಿ ಅಮೆರಿಕದಿಂದ ಬಂದ ಇನ್ನೊಂದು ಸ್ವಲ್ಪ ಲಾಭವಿದೆ ಎಂದಿತು. ಇಸುಬು ಕೆರಳಿ ಕ್ರೀಮಿಗೆ ಜಗ್ಗದಿದ್ದಾಗ ವೈದ್ಯರೇ ತೆಳುವಾದ ಸ್ಟೆರಾಯ್ಡನ್ನು ಕೆಲವು ದಿನಗಳ ಮಟ್ಟಿಗೆ ಬರೆದುಕೊಡುತ್ತಾರೆ. ಅಂಗಡಿಯ ಟ್ಯೂಬಿನ ಕಥೆ ಕೇಳಿ ಅದಕ್ಕೂ ಹೆದರಿ ಮಗುವನ್ನು ತುರಿಸಿಕೊಳ್ಳಲು ಬಿಡುವುದು ನ್ಯಾಯವಲ್ಲ. ಮುನ್ನಿಗೂ ಎರಡನೇ ಚಳಿಗಾಲದಲ್ಲಿ ಐದು ದಿನ ಅದು ಬೇಕಾಯಿತು. ಮಚ್ಚೆಯಿಂದ ರಸ ಸೋರಿ ಹಳದಿ ಹೊಪ್ಪಳೆ ಕಟ್ಟಿದರೆ, ಜ್ವರ ಬಂದರೆ, ನೋವಿನ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದರೆ ಕ್ರೀಮಿನ ಡಬ್ಬಿ ಪಕ್ಕಕ್ಕಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಬಹಳಷ್ಟು ಮಕ್ಕಳಲ್ಲಿ ವಯಸ್ಸಾದಂತೆ ಇಸುಬು ತಗ್ಗುತ್ತದೆ. ಮುನ್ನಿ ಈಗ ಅಂಗನವಾಡಿಗೆ ಹೋಗುತ್ತಾಳೆ. ಮಚ್ಚೆಗಳು ಕೆನ್ನೆ ಬಿಟ್ಟು ಮೊಣಕೈ ಒಳಮಡಿಕೆಗೆ, ಮಂಡಿಯ ಹಿಂದಕ್ಕೆ ಜಾಗ ಬದಲಿಸಿವೆ. ಎರಡು ವರ್ಷ ದಾಟಿದ ಮಕ್ಕಳಲ್ಲಿ ಹಾಗೆಯೇ. ಮಂಡಿಯ ಹಿಂದೆ ಅವಳ ಕೈ ಸರಿಯಾಗಿ ಹೋಗುವುದಿಲ್ಲ, ಅದನ್ನು ನಾವು ಹಚ್ಚುತ್ತೇವೆ. ಉಳಿದದ್ದನ್ನು ತಾನೇ ಹಚ್ಚಿಕೊಂಡು, ಗೊಂಬೆಗೂ ಹಚ್ಚಿ, ಚಮಚ ತೊಳೆಯಲು ಓಡುತ್ತಾಳೆ. ಡಬ್ಬಿ ಒಡೆದ ತಾರೀಖನ್ನು ನಮ್ಮ ತಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾನೆ. ಡಬ್ಬಿ ಬೇಗ ಮುಗಿಯದಿದ್ದರೆ ಮನೆಯಲ್ಲಿ ಯಾರೋ ಪಾಳಿ ತಪ್ಪಿಸಿದ್ದಾರೆಂದು ಲೆಕ್ಕ.